ಗಿರಾಕಿಯ ಮಾಲು ಮತ್ತು ಶ್ರಾವಕನ ವ್ರತ

॥ ಶ್ರೀ ವೀತರಾಗಾಯ ನಮಃ ॥



ಪರ್ವದ ದಿನಗಳಲ್ಲಿ ನಾವೆಲ್ಲರೂ ಪ್ರಾತಃಕಾಲದಲ್ಲಿ ಶುಚಿರ್ಭೂತರಾಗಿ ಜಿನಮಂದಿರಕ್ಕೆ ಬರುತ್ತೇವೆ. ಅಭಿಷೇಕ, ಪೂಜೆ, ಸ್ವಾಧ್ಯಾಯ, ಪ್ರತಿಕ್ರಮಣಗಳಲ್ಲಿ ಭಾಗವಹಿಸುತ್ತೇವೆ. ಅನಂತರ ಹತ್ತು ಗಂಟೆಯ ಸುಮಾರಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿಯ ಬಾಗಿಲನ್ನು ತೆರೆಯುತ್ತೇವೆ. ಮಂದಿರದಲ್ಲಿ ಕಳೆಯುವ ಕಾಲ ಎರಡು ಗಂಟೆ. ಅಂಗಡಿಯಲ್ಲಿ ಕಳೆಯುವ ಕಾಲ ಹತ್ತು ಗಂಟೆ. ಆದ್ದರಿಂದ ಶ್ರಾವಕನ ಅಣುವ್ರತಗಳ ನಿಜವಾದ ಪರೀಕ್ಷೆ ನಡೆಯುವುದು ಗಲ್ಲಾಪೆಟ್ಟಿಗೆಯ ಮುಂದೆಯೇ ಎಂಬುದನ್ನು ಎಲ್ಲರೂ ಒಪ್ಪಬೇಕಾಗುತ್ತದೆ.

ಅಚೌರ್ಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಳ್ಳತನ, ಕನ್ನ, ದರೋಡೆ. ಇವುಗಳಲ್ಲಿ ಯಾವುದನ್ನೂ ನಾವು ಮಾಡುವುದಿಲ್ಲವಾದ್ದರಿಂದ ಆ ವ್ರತವು ತಾನಾಗಿಯೇ ಪಾಲನೆಯಾಗುತ್ತಿದೆ ಎಂಬ ಸಮಾಧಾನ ನಮಗಿದೆ. ಆ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಸಣ್ಣ ವ್ಯವಸಾಯದ ಮೂಲಕ ವಿಚಾರ ಮಾಡೋಣ. ಆ ವ್ಯವಸಾಯ ನಾಮಫಲಕಗಳನ್ನು, ಅಂದರೆ ಅಂಗಡಿಯ ಬೋರ್ಡುಗಳನ್ನು ತಯಾರಿಸುವುದು.

ಪಣಜಿ, ಮಡಗಾಂವ, ಮಾಪುಸಾ, ವಾಸ್ಕೊ, ಫೋಂಡಾ, ಹೀಗೆ ಗೋವೆಯ ಯಾವ ಪೇಟೆಗೆ ಹೋದರೂ ದೇವನಾಗರಿಯಲ್ಲಿ, ರೋಮನ್ ಲಿಪಿಯಲ್ಲಿ ಬರೆದ ನೂರಾರು ಬೋರ್ಡುಗಳು ಕಾಣುತ್ತವೆ. ಹಿಂದೆ ಬಣ್ಣ ಮತ್ತು ಕುಂಚದಿಂದ ನಡೆಯುತ್ತಿದ್ದ ಈ ಕಸುಬು ಇಂದು ಅಕ್ರಿಲಿಕ್, ಎಸಿಪಿ ಶೀಟು, ವಿನೈಲ್, ಹಿತ್ತಾಳೆ, ಸ್ಟೀಲು, ಎಲ್‌ಇಡಿ ದೀಪಗಳ ಕಸುಬಾಗಿದೆ. ಈ ಅಂಗಡಿಗಳಲ್ಲಿ ಎರಡು ಬಗೆಯ ಕೆಲಸಗಳು ನಡೆಯುತ್ತವೆ. ಒಂದರಲ್ಲಿ ಮಾಲೂ ಅಂಗಡಿಯವನದೇ, ಕೆಲಸವೂ ಅವನದೇ. ಇನ್ನೊಂದರಲ್ಲಿ ಮಾಲು ಗಿರಾಕಿಯದು, ಮಜೂರಿ ಮಾತ್ರ ಅಂಗಡಿಯವನದು. ಮನೆ ಕಟ್ಟುವಾಗ ಉಳಿದ ಗ್ರಾನೈಟ್, ಹಳೆಯ ಬಾಗಿಲಿನ ಸಾಗವಾನಿ ಹಲಗೆ, ಮುಂಬೈಯಿಂದ ಅಗ್ಗದ ದರದಲ್ಲಿ ತಂದ ಅಕ್ರಿಲಿಕ್ ಶೀಟು, ತಂದೆಯ ಕಾಲದ ಅಂಗಡಿಯಿಂದ ಕಳಚಿದ ಹಿತ್ತಾಳೆಯ ಅಕ್ಷರಗಳು, ಇವುಗಳನ್ನು ತಂದಿಟ್ಟು "ಇದರಲ್ಲಿಯೇ ಮಾಡಿಕೊಡಿ" ಎಂದು ಹೇಳುವ ಗಿರಾಕಿಗಳು ಬಹಳ. ಈ ಎರಡನೆಯ ಬಗೆಯ ಕೆಲಸದಲ್ಲಿಯೇ ಧರ್ಮಸೂಕ್ಷ್ಮವು ಅಡಗಿದೆ. ದರ್ಜಿಯ ಬಟ್ಟೆ, ಅಕ್ಕಸಾಲಿಗನ ಚಿನ್ನ, ಬಡಗಿಯ ಕಟ್ಟಿಗೆ, ಗಿರಣಿಯ ಗೋಧಿ, ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನ್ಯಾಸ ಎಂದರೇನು?

ಒಬ್ಬರು ನಂಬಿಕೆಯಿಂದ ಮತ್ತೊಬ್ಬರ ಬಳಿ ಇಟ್ಟ ವಸ್ತುವಿಗೆ ಸಂಸ್ಕೃತದಲ್ಲಿ ನ್ಯಾಸ ಎಂದು ಹೆಸರು. ಕನ್ನಡದ ಮನೆಗಳಲ್ಲಿ ಇದಕ್ಕೆ ಠೇವಣಿ ಎನ್ನುತ್ತೇವೆ. ಮರಾಠಿಯಲ್ಲಿ ಠೇವ, ಗುಜರಾತಿಯಲ್ಲಿ ಥಾಪಣ, ಹಿಂದಿಯಲ್ಲಿ ಅಮಾನತ್. ನಮ್ಮ ಸಮಾಜದ ಕುಟುಂಬಗಳ ಮಾತೃಭಾಷೆ ಯಾವುದೇ ಇರಲಿ, ಈ ಪದವಿಲ್ಲದ ಮನೆಯಿಲ್ಲ. ಇಟ್ಟವನು ಮಾಲಿಕ, ಇಟ್ಟುಕೊಂಡವನು ಕೇವಲ ರಕ್ಷಕ. ಮಾಲು ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಬಂದರೂ ಮಾಲಿಕತ್ವವು ಒಂದು ಹೆಜ್ಜೆಯೂ ಕದಲುವುದಿಲ್ಲ.

ದಿಗಂಬರರಿಗೂ ಶ್ವೇತಾಂಬರರಿಗೂ ಸಮಾನವಾಗಿ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕಲೆ ಹಚ್ಚುವ ದೋಷಗಳನ್ನು ಹೇಳಲಾಗಿದೆ. ನ್ಯಾಸಾಪಹಾರ, ಅಂದರೆ ಠೇವಣಿಯನ್ನು ನುಂಗುವುದು, ಅವುಗಳಲ್ಲಿ ಒಂದು. ಆದರೆ ಇಲ್ಲಿ ಒಂದು ವಿಶೇಷವಿದೆ. ಅದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿಲ್ಲ. ಸತ್ಯವ್ರತದ ಅತಿಚಾರಗಳಲ್ಲಿ ಹೇಳಿದೆ. ಶ್ವೇತಾಂಬರ ಪರಂಪರೆಯ ಶ್ರಾವಕರು ಸ್ಥೂಲ ಮೃಷಾವಾದದಲ್ಲಿ ತ್ಯಜಿಸಬೇಕಾದ ಐದು ದೊಡ್ಡ ಸುಳ್ಳುಗಳಲ್ಲಿಯೂ ಠೇವಣಿಯ ಅಪಹಾರವು ಸೇರಿದೆ. ಪರರ ವಸ್ತುವನ್ನು ನುಂಗುವುದು ಕಳ್ಳತನವಲ್ಲವೇ? ಅದನ್ನು ಸುಳ್ಳಿನ ಪಟ್ಟಿಯಲ್ಲಿ ಇಟ್ಟದ್ದೇಕೆ?

ಇದಕ್ಕೆ ಉತ್ತರವನ್ನು ಕನ್ನಡ ನಾಡಿನ ಜೈನ ಪರಂಪರೆಯು ಗೌರವದಿಂದ ಸ್ಮರಿಸುವ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಕಾಣಬಹುದು. ಅದರ ತಾತ್ಪರ್ಯ ಇಷ್ಟು: ಒಬ್ಬನು ಹೊನ್ನು ಮೊದಲಾದ ದ್ರವ್ಯವನ್ನು ಇನ್ನೊಬ್ಬನಲ್ಲಿ ಇಟ್ಟಿದ್ದಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟೆನೆಂಬುದನ್ನು ಮರೆತಿದ್ದಾನೆ. ಬಂದು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಆಗ ಇಟ್ಟುಕೊಂಡವನು ಅದಕ್ಕೆ ಸಮ್ಮತಿಸಿ "ಹೌದು" ಎಂದುಬಿಟ್ಟರೆ ಅದು ನ್ಯಾಸಾಪಹಾರ.

ಎಷ್ಟು ಸೂಕ್ಷ್ಮವಾದ ವಿವೇಚನೆ! ಇಲ್ಲಿ ಯಾರೂ ಬೀಗ ಒಡೆದಿಲ್ಲ, ಯಾರೂ ಕೈ ಹಾಕಿಲ್ಲ, ಯಾರೂ ಮೋಸದ ಮಾತನ್ನು ಮೊದಲಾಗಿ ಆಡಿಲ್ಲ. ತಪ್ಪು ಲೆಕ್ಕವನ್ನು ಹೇಳಿದವನು ಮಾಲಿಕನೇ. ಇಟ್ಟುಕೊಂಡವನು ಮಾಡಿದ್ದು ಒಂದೇ. ಆ ತಪ್ಪಿಗೆ ತಲೆಯಾಡಿಸಿದ್ದು. ಇಟ್ಟವನು ಮರೆಯಬಹುದು, ಇಟ್ಟುಕೊಂಡವನು ಮರೆಯಬಾರದು. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಒಂದು ದೃಷ್ಟಾಂತ

ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ದೃಷ್ಟಾಂತವನ್ನು ನೋಡೋಣ. ಒಂದು ಪೇಟೆಯಲ್ಲಿ ಒಬ್ಬ ಬೋರ್ಡು ತಯಾರಕನಿದ್ದನು. ಅವನ ಬಳಿ ಬಾಗಲಕೋಟೆಯ ಕಡೆಯಿಂದ ಬಂದ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದನು. ಒಬ್ಬ ಬಟ್ಟೆ ವ್ಯಾಪಾರಿ ಹೊಸ ಅಂಗಡಿಯ ಬೋರ್ಡಿಗಾಗಿ ನಾಲ್ಕು ಅಕ್ರಿಲಿಕ್ ಶೀಟುಗಳನ್ನೂ ಎರಡು ಹಿತ್ತಾಳೆಯ ತಗಡುಗಳನ್ನೂ ತಂದಿಟ್ಟು ಹೋದನು. ಹುಡುಗನು ಅವುಗಳನ್ನು ಎಣಿಸಿ ವಹಿಯಲ್ಲಿ ಬರೆದನು. ಬೋರ್ಡು ಸಿದ್ಧವಾಯಿತು, ಮುಹೂರ್ತವೂ ನೆರವೇರಿತು. ಅಕ್ಷರಗಳಿಗೆ ಒಂದೇ ತಗಡು ಸಾಕಾಯಿತು. ಇನ್ನೊಂದು ಗೋಡೆಗೆ ಒರಗಿ ನಿಂತಿತು.

ಮಳೆಗಾಲ ಬಂದಿತು. ಗೋವೆಯ ಮಳೆಗಾಲದಲ್ಲಿ ಬೋರ್ಡಿನ ಕೆಲಸ ಕಡಿಮೆ. ಆ ದಿನಗಳಲ್ಲಿ ಬಂದ ಒಂದು ತುರ್ತು ಕೆಲಸಕ್ಕೆ ಹಿತ್ತಾಳೆ ಬೇಕಾಯಿತು. ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. "ಶೇಠಜಿ ಕೇಳುವುದರೊಳಗೆ ಬೇರೆ ತಂದಿಟ್ಟರಾಯಿತು" ಎಂದುಕೊಂಡು ಅವನು ಆ ತಗಡನ್ನು ಕತ್ತರಿಸಿದನು. ಬೇರೆ ತಂದಿಡುವುದು ಇಂದು ನಾಳೆ ಎಂದು ಮುಂದೆ ಹೋಯಿತು. ಹಿತ್ತಾಳೆಯ ದರವೂ ಏರಿತು.

ಕೆಲವು ತಿಂಗಳ ನಂತರ ಬಟ್ಟೆ ವ್ಯಾಪಾರಿ ಬಾಕಿ ಮಜೂರಿಯನ್ನು ಚುಕ್ತಾ ಮಾಡಲು ಬಂದನು. "ನಾನು ಹಿತ್ತಾಳೆಯ ತಗಡು ಒಂದೇ ಕೊಟ್ಟಿದ್ದೆನಲ್ಲವೇ? ಅದು ಅಕ್ಷರಕ್ಕೇ ಆಯಿತು. ಹಾಗಾದರೆ ಬಾಕಿ ಎಷ್ಟಾಯಿತು, ಹೇಳಿ" ಎಂದನು.

ಬೋರ್ಡಿನವನು ಕ್ಷಣಕಾಲ ಸುಮ್ಮನಾದನು. ಮೂವರು ಕೆಲಸಗಾರರ ಪಗಾರ ಕೊಡಬೇಕಾಗಿತ್ತು. ಬಾಡಿಗೆ ಎರಡು ತಿಂಗಳದು ನಿಂತಿತ್ತು. "ಹೌದು" ಎಂಬ ಎರಡು ಅಕ್ಷರ ಸಾಕಾಗಿತ್ತು. ಮೂಲೆಯಲ್ಲಿ ಕುಳಿತ ಹುಡುಗನು ಕೆಲಸ ನಿಲ್ಲಿಸಿ ಮಾಲಿಕನ ಮುಖವನ್ನೇ ನೋಡುತ್ತಿದ್ದನು. ವಹಿಯಲ್ಲಿ ಎರಡು ಎಂದು ಬರೆದವನು ಅವನೇ.

ಬೋರ್ಡಿನವನು ಹೇಳಿದನು: "ಇಲ್ಲ ಶೇಠಜಿ, ನೀವು ಎರಡು ಕೊಟ್ಟಿದ್ದಿರಿ. ಒಂದು ಉಳಿದಿತ್ತು. ನಿಮ್ಮನ್ನು ಕೇಳದೆ ಬೇರೆ ಕೆಲಸಕ್ಕೆ ಬಳಸಿಬಿಟ್ಟೆ. ಇಂದಿನ ದರದಂತೆ ಅದರ ಬೆಲೆಯನ್ನು ಬಾಕಿಯಲ್ಲಿ ಕಳೆಯಿರಿ."

ಲೆಕ್ಕ ಮಾಡಿದಾಗ ತಗಡಿನ ಬೆಲೆ ಬಾಕಿ ಮಜೂರಿಗಿಂತ ಹೆಚ್ಚಾಯಿತು. ಬೋರ್ಡಿನವನೇ ಕೈಯಿಂದ ಹಣ ಕೊಡಬೇಕಾಯಿತು. ಬಟ್ಟೆ ವ್ಯಾಪಾರಿ ಹಣವನ್ನು ತೆಗೆದುಕೊಂಡನು. "ನಾನು ಮರೆತದ್ದು ನಿಜ. ಆದರೆ ಕೇಳದೆ ಏಕೆ ಬಳಸಿದಿರಿ?" ಎಂದು ಬೇಸರದಿಂದ ನುಡಿದು ಹೊರಟುಹೋದನು. ಮತ್ತೆ ಆ ಅಂಗಡಿಗೆ ಕೆಲಸ ಕೊಡಲಿಲ್ಲ.

ಸಾಮಾನ್ಯವಾಗಿ ಇಂತಹ ಕಥೆಗಳಲ್ಲಿ ಸತ್ಯ ಹೇಳಿದವನಿಗೆ ಮರುದಿನವೇ ದೊಡ್ಡ ಆರ್ಡರ್ ಬರುತ್ತದೆ. ಆದರೆ ಕರ್ಮಸಿದ್ಧಾಂತವನ್ನು ಬಲ್ಲ ನಾವು ಅಷ್ಟು ಅವಸರದ ಫಲವನ್ನು ನಿರೀಕ್ಷಿಸಬಾರದು. ಸತ್ಯಕ್ಕೆ ಲಾಭವೇ ಕಾರಣವಾದರೆ, ಲಾಭವಿಲ್ಲದ ದಿನ ಸತ್ಯವೂ ಇರುವುದಿಲ್ಲ. ಆ ದಿನ ಅವನ ಪೆಟ್ಟಿಗೆ ಬರಿದಾಯಿತು, ಒಬ್ಬ ಗಿರಾಕಿಯೂ ಹೋದನು. ಒಂದು ಹೊಸ ಬಂಧ ಮಾತ್ರ ತಪ್ಪಿತು. ಅಷ್ಟೇ.

ಕೆಲವು ದಿನಗಳ ಅನಂತರ ಅಂಗಡಿಯಲ್ಲಿ ಹುಡುಗನೊಬ್ಬನೇ ಇದ್ದಾಗ ರಂಧ್ರ ಕೊರೆಯುವಾಗ ಒಬ್ಬ ಗಿರಾಕಿಯ ಅಕ್ರಿಲಿಕ್ ಬಿರುಕು ಬಿಟ್ಟಿತು. ಬಿರುಕಿನ ಮೇಲೆ ವಿನೈಲ್ ಅಂಟಿಸಿ ಮುಚ್ಚುವುದು ಅವನಿಗೆ ಗೊತ್ತಿತ್ತು. ಅವನು ಮುಚ್ಚಲಿಲ್ಲ. ಸಂಜೆ ಮಾಲಿಕನು ಬಂದೊಡನೆ "ಅಣ್ಣಾ, ನನ್ನ ಕೈಯಿಂದ ಒಡೆದಿದೆ, ಅವರಿಗೆ ಫೋನ್ ಮಾಡಿ ಹೇಳಿಬಿಡಿ" ಎಂದನು. ಆ ಹುಡುಗನಿಗೆ ಯಾರೂ ಅಣುವ್ರತಗಳ ಪಾಠ ಹೇಳಿರಲಿಲ್ಲ. ಅವನು ಮಾಲಿಕನ ಮುಖವನ್ನು ನೋಡಿ ಕಲಿತಿದ್ದನು.

ಅಚೌರ್ಯದ ಐದು ಅತಿಚಾರಗಳು ಅಂಗಡಿಯಲ್ಲಿ

ಇನ್ನು ಅಚೌರ್ಯವ್ರತದ ಅತಿಚಾರಗಳು ಇದೇ ಅಂಗಡಿಯಲ್ಲಿ ಯಾವ ರೂಪದಲ್ಲಿ ಬರುತ್ತವೆ ಎಂಬುದನ್ನು ನೋಡೋಣ.

ಮೊದಲನೆಯದು ಕಳ್ಳತನಕ್ಕೆ ಪ್ರೇರಣೆ ಕೊಡುವ ಸ್ತೇನಪ್ರಯೋಗ. "ಗಿರಾಕಿಯ ಶೀಟಿನಲ್ಲಿ ಸ್ವಲ್ಪ ಉಳಿಸು, ಅದರಲ್ಲಿ ನಮ್ಮ ಸಣ್ಣ ಕೆಲಸವೊಂದು ಆಗಲಿ" ಎಂದು ಕೆಲಸಗಾರನಿಗೆ ಹೇಳುವುದು ಇದೇ. ಕತ್ತರಿಸಿದವನು ಅವನಾದರೂ ಹೇಳಿದವನಿಗೆ ದೋಷ ತಪ್ಪುವುದಿಲ್ಲ.

ಎರಡನೆಯದು ಕದ್ದ ಮಾಲನ್ನು ತೆಗೆದುಕೊಳ್ಳುವುದು. ರಸ್ತೆಯ ಪಕ್ಕದ ಫಲಕದ ಅಲ್ಯೂಮಿನಿಯಂ ತಗಡನ್ನೋ, ಯಾವುದೋ ಬಂಗಲೆಯ ಹಿತ್ತಾಳೆಯ ನಾಮಫಲಕವನ್ನೋ ತಂದು "ಇದನ್ನು ಉಜ್ಜಿ ಬೇರೆ ಹೆಸರು ಹಾಕಿ" ಎನ್ನುವವರು ಬರಬಹುದು. ಮಾಲಿನ ಮೂಲವನ್ನು ಕೇಳದಿರುವುದು ಸೌಜನ್ಯವಲ್ಲ, ಪ್ರಮಾದ.

ಮೂರನೆಯದು ರಾಜ್ಯದ ನಿಯಮವನ್ನು ಮೀರುವುದು. ಏಕಬಳಕೆಯ ಪ್ಲಾಸ್ಟಿಕ್ಕಿನ ನಿಷೇಧದಲ್ಲಿ ನೂರು ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳೂ ಸೇರಿದ್ದು, 2022ರ ಜುಲೈ 1ರಿಂದ ಅವು ದೇಶದಾದ್ಯಂತ ನಿಷಿದ್ಧವಾಗಿವೆ. "ಬಟ್ಟೆ ನನ್ನದು, ಛಾಪಿಸುವುದಷ್ಟೇ ನಿಮ್ಮ ಕೆಲಸ" ಎಂದು ಗಿರಾಕಿ ತೆಳುವಾದ ಸುರುಳಿಯನ್ನು ತಂದರೂ ಅದನ್ನು ಛಾಪಿಸಿಕೊಡುವವನು ಆ ದೋಷದಲ್ಲಿ ಪಾಲುದಾರನೇ.

ನಾಲ್ಕನೆಯದು ಅಳತೆ-ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ತರುವಾಗ ಹಿತ್ತಾಳೆಯನ್ನು ತೂಗದೆ, ಕೊಡುವಾಗ "ಪುಡಿಯಾಗಿ ಹೋಯಿತು" ಎನ್ನುವುದು ಇದರಲ್ಲಿ ಬರುತ್ತದೆ. ಕೊರೆಯುವ ಯಂತ್ರದ ಕಟ್ಟರ್ ಮೂರು ಮಿಲಿಮೀಟರ್ ದಪ್ಪವಿದ್ದರೆ ಪ್ರತಿ ಗೆರೆಗೂ ಮೂರು ಮಿಲಿಮೀಟರ್ ಅಗಲದ ಲೋಹ ಪುಡಿಯಾಗುವುದು ನಿಜ. ಆದರೆ ಆ ಪುಡಿಗೂ ತೂಕವಿದೆ, ಗುಜರಿಯಲ್ಲಿ ಅದಕ್ಕೂ ದರವಿದೆ. ಅದನ್ನು ಅಂಗಡಿಯವನೇ ಇಟ್ಟುಕೊಳ್ಳುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಐದನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಉತ್ತಮ ಮಾಲಿನ ಜಾಗದಲ್ಲಿ ಅದರಂತೆಯೇ ಕಾಣುವ ಕೀಳು ಮಾಲನ್ನು ಕೊಡುವುದು. ಗಿರಾಕಿ ತಂದ ಐದು ಮಿಲಿಮೀಟರಿನ ಅಕ್ರಿಲಿಕ್ ಒಡೆದಾಗ ಮೂರು ಮಿಲಿಮೀಟರಿನದನ್ನು ಹಾಕಿ ಅಂಚು ಕಾಣದಂತೆ ಚೌಕಟ್ಟಿನಲ್ಲಿ ಕೂರಿಸುವುದು. ಹಿತ್ತಾಳೆಯ ಬದಲು ಚಿನ್ನದ ಬಣ್ಣದ ಸ್ಟೀಲು ಹಚ್ಚುವುದು. ಬೋರ್ಡು ಹತ್ತು ಅಡಿ ಎತ್ತರದಲ್ಲಿ ತೂಗುವುದರಿಂದ ಯಾರಿಗೂ ತಿಳಿಯದು. ಆದರೆ ಗೋವೆಯ ಉಪ್ಪುಗಾಳಿಗೂ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುವ ಮಳೆಗೂ ಅದು ತಿಳಿಯುತ್ತದೆ. ಕಟ್ಟಿಕೊಂಡ ಕರ್ಮಕ್ಕಂತೂ ಮೊದಲೇ ತಿಳಿದಿರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯವನ್ನು ವಿವರಿಸುವಾಗ ಇಟ್ಟ ವಸ್ತು, ಬಿದ್ದ ವಸ್ತು, ಮರೆತುಹೋದ ವಸ್ತು, ಈ ಮೂರನ್ನೂ ಎಣಿಸುತ್ತಾರೆ. ಮಾಲಿಕನು ಕೊಡದೆ ಅದನ್ನು ತಾನು ತೆಗೆದುಕೊಳ್ಳಬಾರದು, ಮತ್ತೊಬ್ಬರಿಗೆ ಕೊಡಲೂ ಬಾರದು ಎಂಬುದು ಅದರ ಅಭಿಪ್ರಾಯ. ಬೋರ್ಡಿನ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುವ ತುಂಡುಗಳನ್ನು ಒಮ್ಮೆ ನೋಡಿದರೆ ಈ ಮೂರೂ ಅಲ್ಲಿಯೇ ಕಾಣುತ್ತವೆ.

ಮಾಲಿನಲ್ಲಿರುವ ಹಿಂಸೆ

ಅಚೌರ್ಯ, ಸತ್ಯಗಳು ಅಹಿಂಸೆಯನ್ನು ಕಾಯುವ ಬೇಲಿಗಳೆಂದು ಗುರುಗಳು ಹೇಳುತ್ತಾರೆ. ಗಿರಾಕಿಯ ಮಾಲಿನ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಗಿರಾಕಿಯೊಬ್ಬನು ಹೊಳೆಯುವ ಬಿಳಿ ಶೀಟೊಂದನ್ನು ತಂದು "ಇದು ಅಕ್ರಿಲಿಕ್, ಲೇಸರ್‌ನಲ್ಲಿ ಕತ್ತರಿಸಿ" ಎನ್ನುತ್ತಾನೆ. ಅದು ಅಕ್ರಿಲಿಕ್ ಆಗಿರದೆ ಪಿವಿಸಿ ಆಗಿದ್ದರೆ ಲೇಸರಿನ ಶಾಖಕ್ಕೆ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಹೊರಬರುತ್ತದೆ. ಅದು ಯಂತ್ರದ ಲೋಹವನ್ನೂ ಮಸೂರವನ್ನೂ ತಿನ್ನುತ್ತದೆ. ಅದಕ್ಕಿಂತ ಮೊದಲು ಯಂತ್ರದ ಬಳಿ ನಿಂತ ಕೆಲಸಗಾರನ ಗಂಟಲು, ಶ್ವಾಸಕೋಶಗಳಿಗೆ ಅಪಾಯ ತರುತ್ತದೆ.

ಬಲ್ಲವರು ಇದಕ್ಕೆ ಒಂದು ಪರೀಕ್ಷೆ ಮಾಡುತ್ತಾರೆ. ಬಯಲಿನಲ್ಲಿ, ಹೊಗೆಯಿಂದ ದೂರ ನಿಂತು, ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಶೀಟಿನ ಮೂಲೆಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ, ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿಗೆ ಜ್ವಾಲೆ ಹಸಿರಾಗುತ್ತದೆ. ಆಗ ಆ ಶೀಟನ್ನು ಲೇಸರಿಗೆ ಹಾಕಬಾರದು. ಎರಡು ನಿಮಿಷದ ಈ ಪರೀಕ್ಷೆಗೆ ಬೇಸರಪಡುವವನು ನೀರನ್ನು ಸೋಸಿ ಕುಡಿಯುವ ನಮ್ಮ ಹಿರಿಯರ ಆಚರಣೆಯನ್ನು ನೆನೆಯಬೇಕು. ಕಣ್ಣಿಗೆ ಕಾಣದ ಜೀವಕ್ಕಾಗಿ ನೀರನ್ನು ಸೋಸುವವರು ಕಣ್ಣೆದುರು ನಿಂತ ಕೆಲಸಗಾರನ ಉಸಿರಿಗಾಗಿ ಶೀಟನ್ನು ಪರೀಕ್ಷಿಸದಿದ್ದರೆ ಅದು ಯಾವ ಧರ್ಮ?

ಕಾನೂನು ಏನು ಹೇಳುತ್ತದೆ?

ಧರ್ಮವು ಸಾವಿರಾರು ವರ್ಷಗಳಿಂದ ಹೇಳುತ್ತಿರುವುದನ್ನು ದೇಶದ ಕಾನೂನೂ ತನ್ನ ಭಾಷೆಯಲ್ಲಿ ಹೇಳಿದೆ. 1872ರ ಭಾರತೀಯ ಕರಾರು ಅಧಿನಿಯಮದಲ್ಲಿ 148ನೆಯ ಕಲಮಿನಿಂದ ಇಂತಹ ಒಪ್ಪಿಸಿದ ಮಾಲಿನ ನಿಯಮಗಳಿವೆ. ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂತಹುದೇ ತನ್ನ ಸ್ವಂತ ಮಾಲಿಗೆ ವಹಿಸುವಷ್ಟು ಕಾಳಜಿಯನ್ನು ಪರರ ಮಾಲಿಗೂ ವಹಿಸಬೇಕೆಂದು 151ನೆಯ ಕಲಮು ಹೇಳುತ್ತದೆ. ಅಷ್ಟು ಕಾಳಜಿ ವಹಿಸಿಯೂ ಹಾನಿಯಾದರೆ, ಬೇರೆ ವಿಶೇಷ ಕರಾರಿಲ್ಲದಿದ್ದಲ್ಲಿ, ಅವನು ಹೊಣೆಯಲ್ಲ ಎಂದು 152ನೆಯದು ಹೇಳುತ್ತದೆ. ಕೊಟ್ಟ ಉದ್ದೇಶವನ್ನು ಬಿಟ್ಟು ಬೇರೆಯದಕ್ಕೆ ಬಳಸಿ ಹಾನಿಯಾದರೆ ಪರಿಹಾರ ಕೊಡಬೇಕೆಂದು 154ನೆಯದು ಹೇಳುತ್ತದೆ. ಮಾಲಿನ ದೋಷವು ತನಗೆ ಗೊತ್ತಿದ್ದರೆ ಅದನ್ನು ಮೊದಲೇ ತಿಳಿಸುವುದು ಮಾಲಿಕನ ಕರ್ತವ್ಯವೆಂದು 150ನೆಯದು ಹೇಳುತ್ತದೆ.

ಮಜೂರಿ ಬಾರದಿದ್ದರೆ ಮಾಲನ್ನು ತಡೆಹಿಡಿಯುವ ಹಕ್ಕು 170ನೆಯ ಕಲಮಿನಲ್ಲಿದೆ. ಆದರೆ ಯಾವ ಮಾಲಿನ ಮೇಲೆ ಕೆಲಸ ಮಾಡಿದೆಯೋ ಆ ಕೆಲಸದ ಮಜೂರಿಗಾಗಿ ಆ ಮಾಲನ್ನು ಮಾತ್ರ. ಹೋದ ವರ್ಷದ ಹಳೆಯ ಬಾಕಿಗಾಗಿ ಈ ವರ್ಷ ತಂದಿಟ್ಟ ಹಲಗೆಯನ್ನು ಒತ್ತೆ ಹಿಡಿಯುವುದಕ್ಕೆ ಆ ಕಲಮು ಆಧಾರವಾಗದು. ಒಪ್ಪಿಸಿದ ಸ್ವತ್ತನ್ನು ದುರುದ್ದೇಶದಿಂದ ತನ್ನದಾಗಿಸಿಕೊಂಡರೆ ಅದು ನಂಬಿಕೆದ್ರೋಹದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 316ನೆಯ ಕಲಮು ಇದೆ. ಜಿಎಸ್‌ಟಿ ಕಾನೂನು ಕೂಡ ಪರರ ಮಾಲಿನ ಮೇಲೆ ಮಾಡುವ ಕೆಲಸವನ್ನು ಸೇವೆ ಎಂದೇ ಗಣಿಸುತ್ತದೆ. ಸರಕಾರದ ವಹಿಯಲ್ಲಿಯೂ ಗಿರಾಕಿಯ ಮಾಲು ಗಿರಾಕಿಯದೇ.

ಆದರೂ ಕಾನೂನಿಗೆ ಒಂದು ಮಿತಿಯಿದೆ. ಮಾಲಿಕನೇ ಮರೆತ ಮಾಲಿಗೆ ಫಿರ್ಯಾದಿಯಿಲ್ಲ, ಸಾಕ್ಷಿಯಿಲ್ಲ, ಮೊಕದ್ದಮೆಯಿಲ್ಲ. ಕಾನೂನು ನಿಲ್ಲುವ ಆ ಜಾಗದಲ್ಲಿಯೇ ಪೂಜ್ಯಪಾದಾಚಾರ್ಯರ ಮಾತು ಆರಂಭವಾಗುತ್ತದೆ.

ಪಾಲಿಸಬೇಕಾದ ಕ್ರಮಗಳು

ಅನುಭವಿಗಳಾದ ವ್ಯಾಪಾರಿಗಳು ಅನುಸರಿಸುವ ಕೆಲವು ಕ್ರಮಗಳನ್ನು ಇಲ್ಲಿ ಹೇಳುವುದು ಉಪಯುಕ್ತವಾದೀತು.

ಒಂದು: ಮಾಲು ಬಂದಾಗಲೇ ಗಿರಾಕಿಯ ಎದುರಿನಲ್ಲಿ ಎಣಿಸಿ, ಅಳೆದು, ಲೋಹವಾದರೆ ತೂಗಿ, ದಪ್ಪವನ್ನು ನೋಡಿ, ಇರುವ ಗೀರು-ಬಿರುಕುಗಳನ್ನು ತೋರಿಸಿ ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದು ಪ್ರತಿ ಗಿರಾಕಿಗೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಇನ್ನೂ ಒಳ್ಳೆಯದು.

ಎರಡು: ಪ್ರತಿ ಮಾಲಿನ ಮೇಲೂ ಹೆಸರಿನ ಚೀಟಿ ಅಂಟಿಸಿ, ಅಂಗಡಿಯ ಸ್ವಂತ ಮಾಲಿನೊಡನೆ ಬೆರೆಸದೆ ಬೇರೆ ಜಾಗದಲ್ಲಿ ಇಡಬೇಕು. ಬೆರೆತ ಮೇಲೆ ಯಾರದು ಯಾವುದೆಂದು ಗುರುತಿಸುವುದು ಕಷ್ಟ. ಆಗ ಮನಸ್ಸು ತನ್ನ ಅನುಕೂಲದ ಕಡೆಗೇ ಗುರುತಿಸುತ್ತದೆ.

ಮೂರು: ಮಳೆಗಾಲದಲ್ಲಿ ಹಲಗೆಯನ್ನು ನೆಲಕ್ಕೆ ತಾಗದಂತೆ ಗಾಳಿಯಾಡುವಲ್ಲಿ ಇಡಬೇಕು. ಎಸಿಪಿ ಶೀಟಿನ ರಕ್ಷಣಾ ಹಾಳೆಯನ್ನು ಬಹುದಿನ ಬಿಸಿಲಿಗೆ ಬಿಟ್ಟರೆ ಅಂಟು ಗಟ್ಟಿಯಾಗಿ ಕಲೆ ಉಳಿಯುತ್ತದೆ. ಅಕ್ರಿಲಿಕ್ಕನ್ನು ಸ್ಪಿರಿಟ್‌ನಿಂದ ಒರೆಸಿದರೆ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಇವು ತಿಳಿಯದೆ ಆದರೆ ಅಜ್ಞಾನ, ತಿಳಿದೂ ಆದರೆ ಪ್ರಮಾದ.

ನಾಲ್ಕು: ಗಿರಾಕಿ ತಂದ ಮಾಲು ಕೆಲಸಕ್ಕೆ ಯೋಗ್ಯವಲ್ಲದಿದ್ದರೆ ಕೆಲಸ ಹಿಡಿಯುವ ಮೊದಲೇ ಹೇಳಬೇಕು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು. ಕೆಟ್ಟರೆ ನಷ್ಟ ಯಾರದು, ಎಷ್ಟರವರೆಗೆ ಎಂಬುದನ್ನು ಮೊದಲೇ ಬರೆದಿಡಬೇಕು. ಕೆಲಸ ಕೆಟ್ಟ ಮೇಲೆ ಆಡುವ ನ್ಯಾಯವು ಜಗಳವಾಗುತ್ತದೆ.

ಐದು: ಉಳಿದ ತುಂಡುಗಳನ್ನು ಬೋರ್ಡಿನ ಜೊತೆಗೇ ಕಟ್ಟಿ ಕೊಡಬೇಕು. ಗಿರಾಕಿ ಬೇಡವೆಂದರೆ ಆ ಮಾತನ್ನೂ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಆಗ ಅದು ಅದತ್ತವಲ್ಲ, ದತ್ತ.

ಆರು: ಗಿರಾಕಿ ಒಪ್ಪಿಸಿದ ಚಿತ್ರ, ಲಾಂಛನ, ಇನ್ನೂ ಪ್ರಕಟವಾಗದ ಅಂಗಡಿಯ ಹೆಸರು, ಇವೂ ಮಾಲುಗಳೇ. ಅವುಗಳನ್ನು ಇನ್ನೊಬ್ಬರಿಗೆ ತೋರಿಸುವುದು ಪರರ ಗುಟ್ಟನ್ನು ಬಯಲು ಮಾಡಿದಂತೆ. ಅದೂ ಸತ್ಯವ್ರತದ ಅತಿಚಾರವೇ.

ಗಿರಾಕಿಗಳಾಗಿರುವವರಿಗೂ ಒಂದು ಮಾತು. ಹದಗೆಟ್ಟ ಹಲಗೆಯನ್ನು ಗುಟ್ಟಾಗಿ ಒಪ್ಪಿಸಿ, ಅದು ಸೀಳಿದಾಗ ಬಡ ಕೆಲಸಗಾರನ ಮಜೂರಿಯನ್ನು ಕತ್ತರಿಸುವುದು, ಎರಡು ಕೊಟ್ಟು ಮೂರು ಕೊಟ್ಟೆನೆಂದು ವಾದಿಸುವುದು, ಇವು ಸಹ ಅದೇ ವ್ರತಕ್ಕೆ ಹತ್ತುವ ಕಲೆಗಳು. ನಂಬಿಕೆಯ ತಕ್ಕಡಿಗೆ ಎರಡು ತಟ್ಟೆಗಳಿವೆ.

ಗೋವೆಯ ನೆಲ ಮತ್ತು ಅಕ್ಷರ

ಗೋವೆಯ ನೆಲಕ್ಕೆ ಜೈನಧರ್ಮವು ಹೊಸದಲ್ಲ. ಡಿಚೋಲಿ ತಾಲೂಕಿನ ಕುಡಣೆಯ ಗುಜೀರ್, ನಾರ್ವೆಯ ಜೈನಕೋಟ, ಫೋಂಡಾ ತಾಲೂಕಿನ ಬಾಂದಿವಡೆ, ಇಲ್ಲೆಲ್ಲ ಪ್ರಾಚೀನ ಬಸದಿಗಳ ಅವಶೇಷಗಳಿವೆ. ಗಡಿಯಾಚೆ ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ಜಿನಾಲಯಗಳಿಗೆ ಕೊಟ್ಟ ದಾನಗಳ ಉಲ್ಲೇಖವಿದೆ. ಆ ತಾಮ್ರಪಟಗಳು, ಶಿಲಾಶಾಸನಗಳು ಅಂದಿನ ನಾಮಫಲಕಗಳೇ ಸರಿ. ಅನೇಕ ಶಾಸನಗಳ ಕೊನೆಯಲ್ಲಿ, ಕೊಟ್ಟದ್ದನ್ನು ಅಪಹರಿಸಿದವನಿಗೆ ಘೋರ ಪಾಪವೆಂಬ ಎಚ್ಚರಿಕೆಯಿರುತ್ತದೆ. ಒಂದು ಉದ್ದೇಶಕ್ಕಾಗಿ ಒಪ್ಪಿಸಿದ್ದನ್ನು ಬೇರೆಡೆಗೆ ತಿರುಗಿಸಬಾರದೆಂಬುದೇ ಅದರ ತಿರುಳು.

ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಬಾಹುಬಲಿ ಸ್ವಾಮಿಯ ಪಾದಗಳ ಪಕ್ಕದಲ್ಲಿ, ಈ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಮಾತು ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿಯೂ ಇದೆ. ದರ್ಶನಕ್ಕೆ ಬರುವ ಬೇರೆ ಬೇರೆ ಭಾಷೆಯ ಭಕ್ತರಿಗೆ ಒಂದೇ ಸತ್ಯವನ್ನು ತಿಳಿಸಿದ ಫಲಕವದು. ಕೆತ್ತಿದ ಕೈಗಳು ಬೇರೆಯವರು ಒಪ್ಪಿಸಿದ ಮಾತನ್ನು ಕಲ್ಲಿಗೆ ಒಪ್ಪಿಸಿ ಮರೆಯಾದವು. ಕನ್ನಡ, ಮರಾಠಿ, ಗುಜರಾತಿ, ಮಾರವಾಡಿ ಕುಟುಂಬಗಳು ಒಂದೇ ಸೂರಿನಡಿ ಪೂಜೆ ಮಾಡುವ ನಮಗೆ ಇದಕ್ಕಿಂತ ಉತ್ತಮ ಆದರ್ಶ ಬೇಕೇ?

ಕ್ಷಮಾಪನೆ

ಪರ್ವದ ಕೊನೆಗೆ ನಾವು ಪರಸ್ಪರ ಕೈಮುಗಿದು ಕ್ಷಮೆ ಕೇಳುತ್ತೇವೆ. "ಉತ್ತಮ ಕ್ಷಮಾ" ಎನ್ನುತ್ತೇವೆ, "ಮಿಚ್ಛಾಮಿ ದುಕ್ಕಡಂ" ಎನ್ನುತ್ತೇವೆ. ತಿಳಿದೂ ತಿಳಿಯದೆಯೂ ಆದ ತಪ್ಪುಗಳನ್ನೆಲ್ಲ ಒಟ್ಟಾಗಿ ಮನ್ನಿಸಬೇಕೆಂದು ಕೇಳುವುದು ಸುಲಭ. ಒಂದು ತಗಡಿನ ಹೆಸರು ಹೇಳಿ, ಒಂದು ಸಂಖ್ಯೆಯನ್ನು ಹೇಳಿ, ಒಬ್ಬ ವ್ಯಕ್ತಿಯ ಮುಂದೆ ನಿಂತು ಕೇಳುವುದು ಕಷ್ಟ. ಕಷ್ಟವಾದದ್ದರಿಂದಲೇ ಅದಕ್ಕೆ ಬೆಲೆ. ಪರರ ಮಾಲು ಇನ್ನೂ ಮೂಲೆಯಲ್ಲಿ ಒರಗಿರುವಾಗ ಬಾಯಿ ಕೇಳುವ ಕ್ಷಮೆಯು ಅರ್ಧ ಕ್ಷಮೆ. ಮನಸ್ಸು, ಮಾತು, ಕಾಯ ಮೂರೂ ಒಂದೇ ನೇರದಲ್ಲಿರುವುದು ಆರ್ಜವ. ದಶಧರ್ಮಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ.

ಆದ್ದರಿಂದ ಈ ವರ್ಷದ ಪರ್ವಕ್ಕೆ ಪ್ರತಿಯೊಬ್ಬ ವ್ಯಾಪಾರಿ ಬಂಧುವೂ ಒಂದು ಸಣ್ಣ ನಿಯಮವನ್ನು ಸ್ವೀಕರಿಸಲಿ ಎಂಬುದು ವಿನಂತಿ. ಕ್ಷಮಾಪನೆಯ ದಿನಕ್ಕೆ ಮೊದಲು ಒಂದು ಸಂಜೆ ಅಂಗಡಿಯ, ಗೋದಾಮಿನ, ಕಪಾಟಿನ ಮೂಲೆಗಳನ್ನು ಶೋಧಿಸೋಣ. ಅಲ್ಲಿರುವ ಪರರ ವಸ್ತು ಯಾವುದು, ಎಷ್ಟು ದಿನದಿಂದ ಇದೆ ಎಂದು ಬರೆಯೋಣ. ಮಾಲಿಕರಿಗೆ ತಿಳಿಸಿ ಹಿಂದಿರುಗಿಸೋಣ. ಬಳಸಿಬಿಟ್ಟಿದ್ದರೆ ಬೆಲೆ ಕೊಡೋಣ. ಮಾಲಿಕರು ಮರೆತಿದ್ದರೆ ನೆನಪಿಸೋಣ. ಆ ಹೊತ್ತಿನಲ್ಲಿ ಮನೆಯ ಮಕ್ಕಳೋ, ಅಂಗಡಿಯ ಹುಡುಗನೋ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಅವರು ನಮ್ಮ ಮುಖವನ್ನು ನೋಡುತ್ತಿರುತ್ತಾರೆ.

ಆತ್ಮವೊಂದನ್ನು ಬಿಟ್ಟು ಉಳಿದುದೆಲ್ಲವೂ ಪರದ್ರವ್ಯವೆಂದು ಜಿನವಾಣಿ ಸಾರುತ್ತದೆ. ಅಷ್ಟು ದೊಡ್ಡ ಮಾತನ್ನು ಅರಿಯುವುದಕ್ಕೆ ಗೃಹಸ್ಥರಾದ ನಮಗೆ ಗಿರಾಕಿಯ ಒಂದು ತುಂಡು ಹಿತ್ತಾಳೆಯೇ ಮೊದಲ ಪಾಠವಾಗಲಿ.

ಸರ್ವರಿಗೂ ಮಂಗಲವಾಗಲಿ. ಜೈ ಜಿನೇಂದ್ರ.